ಗಂಟಿನಲ್ಲಿ ಕಟ್ಟಿದ ಜಗಳೂರಿನ ಬಿಸಿಲು

ನಮ್ಮ ಕಡೆ ಒಂದು ಊರಿಂದ ಇನ್ನೊಂದು ಊರಿಗೆ ಹೊರಡುವಾಗ ಚೀಲಕ್ಕೆ ಏನು ತುಂಬಬೇಕೆನ್ನುವುದು ದೂರದ ಲೆಕ್ಕದಿಂದ ತೀರ್ಮಾನವಾಗುವುದಿಲ್ಲ. ಜಗಳೂರಿನಲ್ಲಿ ತಿಂಡಿ ತಿಂದು ಹೊರಟವರು ಊಟದ ಹೊತ್ತಿಗೆ ನ್ಯಾಮತಿ ಮುಟ್ಟಬಹುದು. ಆದರೆ ಆಷಾಢದಲ್ಲಿ ಆ ಅರ್ಧ ದಿನದೊಳಗೆ ಎರಡು ಸೀಸನ್ ದಾಟಬೇಕಾಗುತ್ತದೆ. ಜಗಳೂರಿನಲ್ಲಿ ಬಿಸಿಲಿಗೆ ತಲೆಮೇಲೆ ಸೆರಗು ಹೊದ್ದು ಕಾರು ಹತ್ತಿದವಳು ಹೊನ್ನಾಳಿ ಸೇತುವೆಯ ಹತ್ತಿರ ಸ್ವೆಟರ್ ಹುಡುಕುತ್ತಾಳೆ, ನ್ಯಾಮತಿಯಲ್ಲಿ ಇಳಿಯುವಾಗ ಕೊಡೆ. ನಾನು ಚನ್ನಗಿರಿಯವಳು. ನಮ್ಮೂರು ನಡುವೆ ಇದೆ. ನಮ್ಮಲ್ಲಿ ಕೊಡೆ ಬಾಗಿಲ ಹಿಂದೆ ವರ್ಷವಿಡೀ ತೂಗುತ್ತಿರುತ್ತದೆ, ಬೇಕಾದ ದಿನ ಮಾತ್ರ ಯಾರೋ ಒಯ್ದಿರುತ್ತಾರೆ.

ಮನೆಯಲ್ಲಿ ಯಾರು ಎಲ್ಲಿಗೆ ಹೊರಟರೂ ಪ್ಯಾಕಿಂಗ್ ನನ್ನ ಖಾತೆ. ಅದಕ್ಕೆ ಕಾರಣ ನನ್ನ ಕಾನ್ವೆಂಟ್. ಹುಡುಗಿಯಾಗಿದ್ದಾಗ ಶಿವಮೊಗ್ಗದ ಹಾಸ್ಟೆಲಿನಲ್ಲಿ ಓದಿದವಳು ನಾನು. ರಜೆಗೆ ಊರಿಗೆ ಹೊರಡುವ ಹಿಂದಿನ ದಿನ ಸಿಸ್ಟರ್ ಒಬ್ಬರು ಮಂಚದಿಂದ ಮಂಚಕ್ಕೆ ಬಂದು ನಮ್ಮ ಟ್ರಂಕುಗಳ ಮುಚ್ಚಳ ಎತ್ತಿ ನೋಡುತ್ತಿದ್ದರು. "ಟ್ರಾವೆಲ್ ಲೈಟ್, ಗರ್ಲ್ಸ್" ಎನ್ನುತ್ತ ಒಂದೊಂದೇ ಸಾಮಾನು ಹೊರಗೆ ತೆಗೆಯುತ್ತಿದ್ದರು. ಆ ಬಿಳಿಯ ಕೈ ಈಗಲೂ ನನ್ನ ಸೂಟ್‌ಕೇಸಿನೊಳಗೆ ಓಡಾಡುತ್ತದೆ. ಎರಡು ಸೀರೆ ಸಾಕು ಎನ್ನುವಲ್ಲಿ ನಾನು ಮೂರನೆಯದನ್ನು ಇಟ್ಟದ್ದೇ ಇಲ್ಲ.

ಈ ಶಿಸ್ತನ್ನು ಒಂದು ದಿನಕ್ಕೂ ಒಪ್ಪದವಳೆಂದರೆ ನನ್ನ ನಾದಿನಿ, ನಮ್ಮ ಯಜಮಾನರ ತಂಗಿ. ನನಗಿಂತ ಎರಡು ಮೂರು ವರ್ಷ ಚಿಕ್ಕವಳಿರಬಹುದು. ನಾನು ಮದುವೆಯಾಗಿ ಚನ್ನಗಿರಿಗೆ ಬಂದಾಗ ಲಂಗ ದಾವಣಿಯ ಹುಡುಗಿ, ಉಬ್ಬಸದ ಹುಡುಗಿ. ಮಳೆಗಾಲ ಬಂತೆಂದರೆ ಗೋಡೆಗೊರಗಿಸಿದ ದಿಂಬಿನ ಮೇಲೆ ಕೂತೇ ನಿದ್ದೆ ಮಾಡುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಮಲಗಿದ ನನಗೆ ಅವಳ ಎದೆಯ ಸಿಳ್ಳೆ ಕೇಳಿಸುತ್ತಿತ್ತು, ದೂರದಲ್ಲಿ ಯಾರೋ ಬಾಗಿಲು ತೆರೆದು ಮುಚ್ಚಿ ಮಾಡಿದ ಹಾಗೆ.

ಅವಳನ್ನು ಜಗಳೂರಿಗೆ ಕೊಟ್ಟಾಗ ಬೀದಿಯ ಹೆಂಗಸರೆಲ್ಲ ಮರುಗಿದ್ದರು. ಕುಡಿಯುವ ನೀರಿಗೆ ಪರದಾಡೋ ಊರಿಗೆ ಹೆಣ್ಣು ಕೊಟ್ರಲ್ಲ ಎಂದು ನಮ್ಮತ್ತೆಯ ಮುಖದ ಮುಂದೆಯೇ ಅಂದವರೂ ಇದ್ದರು. ಮೊದಲ ಸಲ ತವರಿಗೆ ಬಂದ ಮಗಳನ್ನು ಅತ್ತೆ ಒಳಗೆ ಕರೆದು, ಹತ್ತಿರ ಕೂರಿಸಿಕೊಂಡು, ಬೆನ್ನಿಗೆ ಕಿವಿ ಹಚ್ಚಿ ಕೇಳಿದ್ದು ನನಗೆ ನೆನಪಿದೆ. ಸಿಳ್ಳೆ ಇರಲಿಲ್ಲ. ಅತ್ತೆ ಕಿವಿ ತೆಗೆಯದೆ ಸುಮ್ಮನೆ ಹಾಗೇ ಇದ್ದರು. ಅವಳೇ ನಕ್ಕು, "ಅಲ್ಲಿ ನೀರಿಲ್ಲ ಕಣವ್ವ, ಉಸಿರೈತೆ" ಅಂದಳು.

ಆಮೇಲೆ ನಮ್ಮ ಮನೆಯ ಕ್ಯಾಲೆಂಡರೆಲ್ಲ ಅವಳ ಎದೆಯ ಪ್ರಕಾರ ನಡೆಯಿತು. ಮದುವೆ ಮುಂಜಿ ಗೃಹಪ್ರವೇಶ ಏನೇ ಇರಲಿ, ಸಂಕ್ರಾಂತಿಯಾಚೆ ಯುಗಾದಿಯೀಚೆ. ಹೊರಗಿನವರು ನಮ್ಮದೇನೋ ವಿಶೇಷ ಪಂಚಾಂಗ ಅಂದುಕೊಂಡಿದ್ದರು.

ಇಷ್ಟು ಹೇಳಿದ್ದು ಒಂದು ಕೂಸಿನ ಸಲುವಾಗಿ. ನಾದಿನಿಗೆ ಒಬ್ಬಳೇ ಮಗಳು, ಅವಳು ಬೇಗ ತೀರಿಕೊಂಡಳು. ಆ ಮಗಳ ಮಗಳನ್ನು ಅಂಬೆಗಾಲಿಂದ ಎತ್ತಿ ಜಗಳೂರಿನಲ್ಲಿ ಬೆಳೆಸಿದವಳು ನಾದಿನಿ. ಹುಡುಗಿ ಅವಳನ್ನು ಅಜ್ಜಿ ಎಂದು ಕರೆದದ್ದಿಲ್ಲ, ಅವ್ವ. ನ್ಯಾಮತಿಗೆ ಮದುವೆಯಾಗಿ ಹೋದ ಹುಡುಗಿ ಬಸುರಿಯಾದಾಗ ಚೊಚ್ಚಲ ಬಾಣಂತನ ತವರಿನದೇ, ಅಂದರೆ ಜಗಳೂರಿನದು. ನಾದಿನಿ ಕೋಣೆಗೆ ಸುಣ್ಣ ಹೊಡೆಸಿದಳು, ಹಳೆಯ ತೊಟ್ಟಿಲಿಗೆ ಹೊಸ ಹಗ್ಗ ಹಾಕಿಸಿದಳು. ಅಷ್ಟರಲ್ಲಿ ಹುಡುಗಿಗೆ ಬಿ.ಪಿ. ಏರಿ, ಡಾಕ್ಟರು ಮಂಚದಿಂದ ಇಳಿಯಬೇಡ ಅಂದರು. ಪ್ರಯಾಣದ ಮಾತೇ ಇಲ್ಲ. ಆರಿದ್ರಾ ಮಳೆಯಲ್ಲಿ ಹೆರಿಗೆಯಾಯಿತು, ಹೆಣ್ಣು ಮಗು. ಬಾಣಂತನ ಅತ್ತೆಮನೆಯಲ್ಲೇ ಆಗಬೇಕಾಯಿತು. ಸುಣ್ಣ ಹೊಡೆದ ಕೋಣೆಯಲ್ಲಿ ಖಾಲಿ ತೊಟ್ಟಿಲು ತೂಗಿಕೊಂಡಿತ್ತು.

ನಾದಿನಿ ನನಗೆ ಫೋನ್ ಮಾಡಿದಳು. "ಅತ್ತಿಗೆ, ನಾ ನ್ಯಾಮತಿಗೆ ಹೋಗ್ಬೇಕು."

"ದೀಪಾವಳಿ ಕಳೀಲಿ. ಇಬ್ರೂ ಹೋಗೋಣ."

"ದೀಪಾವಳಿಗೆ ಕೂಸು ಕುಂದ್ರಾಕೆ ಕಲ್ತಿರ್ತೈತೆ. ಗುರುತು ಹಿಡಿಯೋ ವಯಸ್ಸು. ಆವಾಗ ನಾ ಎತ್ಕೊಂಡ್ರೆ ಯಾರಿವ್ಳು ಅಂತ ಚೀರ್ತೈತೆ. ನಾ ಬೆಳೆಸಿದ್ ಹುಡುಗೀ ಕೂಸು ನನ್ನ ನೋಡಿ ಅಳಬೇಕಾ?"

ದಾವಣಗೆರೆಯ ಎದೆ ಡಾಕ್ಟರು ಮೊದಲು ಖಡಾಖಂಡಿತ ಬೇಡ ಅಂದರು. ಅವಳು ಅವರ ಎದುರಿನ ಕುರ್ಚಿಯಿಂದ ಏಳಲಿಲ್ಲವಂತೆ. ಹೊರಗೆ ಕಾಯುತ್ತಿದ್ದ ಪೇಷಂಟುಗಳು ಗೊಣಗಲು ಶುರುಮಾಡಿದ ಮೇಲೆ ಅವರೇ ಸೋತು, "ಮಳೆ ಹೊಳವಾದಾಗ ಹೋಗ್ರಿ. ಎದೆ ಬಿಗಿಯೋ ಮುಂಚೆ ವಾಪಸ್ ಬಂದ್ಬಿಡ್ರಿ. ತಂಡಿ ತಾಕಬಾರದು, ಹೊಗೆ ಧೂಳು ತಾಕಬಾರದು" ಎಂದು ಪರ್ಮಿಷನ್ ಕೊಟ್ಟರು. ಎರಡು ಮಳೆಯ ನಡುವೆ ಆಕಾಶ ಬಾಯಿ ಬಿಡುತ್ತದಲ್ಲ, ಅದನ್ನೇ ನಮ್ಮಲ್ಲಿ ಹೊಳವು ಅನ್ನುವುದು. ಈಗ ಆ ಹೊಳವನ್ನು ಹಿಡಿಯಬೇಕಿತ್ತು. ನಾನು ಪ್ಲಾನ್ ಮಾಡಿದೆ. ಬೆಟ್ಟ ಹತ್ತುವವರು ಮೇಲಿನ ಗಾಳಿಗೆ ಒಗ್ಗಿಕೊಳ್ಳಲು ನಡುವೆ ಒಂದು ಕಡೆ ತಂಗುತ್ತಾರೆಂದು ಓದಿದ್ದೆ, ಅಕ್ಲೈಮಟೈಸ್ ಆಗುವುದು ಅಂತ. ಇವಳನ್ನು ಒಣ ಊರಿಂದ ನೇರ ತೇವಕ್ಕೆ ಒಯ್ಯಬಾರದು. ಮೊದಲು ಚನ್ನಗಿರಿಗೆ ಕರೆತಂದು ಕೆಲವು ದಿನ ಇಟ್ಟುಕೊಂಡು, ಹೊಳವು ಕಂಡ ಕೂಡಲೇ ನ್ಯಾಮತಿಗೆ. ನಮ್ಮ ಯಜಮಾನರು ಕೇಳಿ, "ಅಂದ್ರೆ ನಮ್ಮನೆ ಬೇಸ್ ಕ್ಯಾಂಪು. ಅಡಿಗೆ ಮಾಡೋ ಶೆರ್ಪಾ ಯಾರು?" ಅಂದರು.

ಪ್ಯಾಕಿಂಗ್ ಸರಿಯಾಗಲೆಂದು ಜಗಳೂರಿಗೆ ನಾನೇ ಹೋದೆ. ಅಲ್ಲಿ ಆಷಾಢದ ಗಾಳಿ ಬೀಸುತ್ತಿತ್ತು. ಮೋಡಗಳು ಎಕ್ಸ್‌ಪ್ರೆಸ್ ಬಸ್ಸುಗಳ ಹಾಗೆ ಊರ ಮೇಲೆ ಹಾದು ಹೋಗುತ್ತಿದ್ದವು, ಒಂದಕ್ಕೂ ಅಲ್ಲಿ ಸ್ಟಾಪ್ ಇಲ್ಲ. ನಾನು ತೆಗೆದಿರಿಸಿದ್ದು ಇಷ್ಟು: ಇನ್‌ಹೇಲರ್, ನೆಬ್ಯುಲೈಸರ್ ಮಷಿನ್ನು, ಎರಡು ಸ್ವೆಟರ್, ಕಿವಿ ಮುಚ್ಚುವ ಮಫ್ಲರ್, ಕಾಲುಚೀಲ, ಫ್ಲಾಸ್ಕು, ಸೀರೆ ಎರಡು. ಸೆನ್ಸಿಬಲ್ ಪ್ಯಾಕಿಂಗ್. ಒಂದು ಸೂಟ್‌ಕೇಸಿನಲ್ಲಿ ಎಲ್ಲವೂ ಕೂತಿತು. ನಾದಿನಿ ವಿಭೂತಿ ಗಟ್ಟಿಯೊಂದನ್ನು ಮೇಲಿಟ್ಟು ಮುಚ್ಚಳ ಹಾಕಿದಳು. ಸದ್ಯ, ಮುಗಿಯಿತು ಅಂದುಕೊಂಡೆ.

ಆಮೇಲೆ ಅವಳು ಟೆರೇಸಿನಿಂದ ಗಂಟು ಇಳಿಸಿದಳು. ಹಳೆಬಟ್ಟೆ ಸೇರಿಸಿ ಹೊಲಿದ ಕೌದಿಯೊಂದನ್ನು ಹಾಸಿ ಅದರೊಳಗೆ ಮಡಿಸಿದ ಬಟ್ಟೆ ತುಂಬಿ ನಾಲ್ಕು ಮೂಲೆ ಸೇರಿಸಿ ಬಿಗಿದಿದ್ದಳು. ಒಬ್ಬರ ತೆಕ್ಕೆಗೆ ಸಿಗದಷ್ಟು ದೊಡ್ಡದು.

"ಏನಿದು?"

"ಕೂಸಿನ ಬಟ್ಟೆ."

ಅವಳ ಗಂಡನ ಹಳೆಯ ಪಂಚೆಗಳು, ತನ್ನ ಹತ್ತಿ ಸೀರೆಗಳು, ಒಗೆದೊಗೆದು ಬೆಣ್ಣೆಯಂತಾದವು. ಎಲ್ಲವನ್ನೂ ಹರಿದು ಚೌಕ ಮಾಡಿ, ಕುದಿಸಿ, ಟೆರೇಸಿನ ಮೇಲೆ ಕಲ್ಲು ಹೇರಿ ದಿನಗಟ್ಟಲೆ ಬಿಸಿಲಿಗೆ ಒಣಗಿಸಿದ್ದಳು. ಬಾಣಂತನವಂತೂ ಕೈತಪ್ಪಿತು, ಬಟ್ಟೆಯಾದರೂ ತವರಿನದು ಇರಲಿ ಅಂತ.

"ಡಿಯರ್, ಆ ಮನೇಲಿ ಬಟ್ಟೆ ಇರಲ್ವಾ? ಅರ್ಧ ಬಿಡು."

"ಅರ್ಧ ಅಂದ್ರೆ ಯಾವ್ದು ಬಿಡ್ಲಿ? ಅವ್ರ ಪಂಚೆ ಬಿಡ್ಲಾ, ನನ್ ಸೀರೆ ಬಿಡ್ಲಾ?"

ಗಂಟು ಇಡಿಯಾಗಿಯೇ ಹೊರಟಿತು. ಇಷ್ಟಾದ ಮೇಲೆ ಅವಳು ನೀರಿನ ಕ್ಯಾನನ್ನೂ ತಂದು ಬಾಗಿಲಲ್ಲಿ ಇಟ್ಟಳು. ಜಗಳೂರಿನವರು ಪಕ್ಕದ ಊರಿಗೆ ಹೊರಟರೂ ಕ್ಯಾನ್ ಇಲ್ಲದೆ ಹೊರಡುವುದಿಲ್ಲ. ಕಾರಿನ ಡ್ರೈವರ್ ಅದೇ ಊರಿನವನು, ಮಧ್ಯವಯಸ್ಸಿನ ನಗೆಮುಖದವನು. ಕ್ಯಾನನ್ನು ಎತ್ತಿ ಡಿಕ್ಕಿಗಿಡುತ್ತ, "ಅಮ್ಮಾರೇ, ಇದನ್ನ ಹೊನ್ನಾಳಿ ಸೇತುವೆ ಮ್ಯಾಲೆ ಮಾತ್ರ ಚೆಲ್ಲಬ್ಯಾಡ್ರಿ. ಹೊಳೆ ಈಗ್ಲೇ ತುಂಬೈತಂತೆ, ನಿಮ್ದೂ ಸೇರಿದ್ರೆ ಊರೊಳಗೆ ನುಗ್ತೈತೆ" ಅಂದ.

"ನಗು ನಗು. ಅರ್ಧ ದಾರಿಗೆ ನಿಂಗೇ ಬಾಯಾರಿಕೆ ಆಗ್ತೈತೆ, ಆವಾಗ ಹೊಳೆಗೇ ಬಾಯಿ ಹಚ್ಚು ಅಂತೀನಿ."

ಚನ್ನಗಿರಿಯಲ್ಲಿ ಕಾಯುವುದು ಶುರುವಾಯಿತು. ಪುನರ್ವಸು ಮಳೆ ಹಿಡಿದು ಕೂತಿತ್ತು. ನನ್ನ ಫೋನಿನಲ್ಲಿ ವಾರಪೂರ್ತಿ ಒಂದೇ ಚಿತ್ರ, ಮೋಡದ ಕೆಳಗೆ ಹನಿಗಳು. ಯಜಮಾನರು ತಮ್ಮ ಮೊಣಕಾಲು ಮುಟ್ಟಿ ನೋಡಿಕೊಂಡು, ಪುನರ್ವಸು ಹೋಗಿ ಪುಷ್ಯ ಬರುವ ಸಂದಿಯಲ್ಲಿ ಹೊಳವು ಸಿಕ್ಕೇ ಸಿಗುತ್ತದೆ ಎಂದರು. ನಾದಿನಿ ಇಬ್ಬರನ್ನೂ ನಂಬಲಿಲ್ಲ. ದಿನಾ ಬೆಳಿಗ್ಗೆ ನ್ಯಾಮತಿಯ ಬೀಗಿತ್ತಿಗೇ, ಅಂದರೆ ಮೊಮ್ಮಗಳ ಅತ್ತೆಗೇ, ಫೋನ್ ಹಚ್ಚುತ್ತಿದ್ದಳು. ಆಕೆಯದು ಸ್ಪೀಕರ್ ಬೇಡದ ದನಿ.

"ಹೆಂಗೈತೆ ಅಲ್ಲಿ?"

"ಹೆಂಗೇನು, ಬಾನಿಗೆ ತೂತು ಬಿದ್ದೈತೆ. ನಿಮ್ಮೂರಾಗೆ ಮಳೆ ಅಂದ್ರೆ ಫೋಟೋದಾಗೆ ನೋಡಿರ್ತೀರಿ. ಇಲ್ಲಿ ಗೋಡೆ ಮುಟ್ಟಿದ್ರೆ ಗೋಡೇನೇ ಬೆವರ್ತೈತೆ. ಬರಬ್ಯಾಡ್ರಿ."

"ಕೂಸು?"

"ಕೂಸಿಗೇನು, ರಾಣಿ. ನಿಮ್ಮಂಗೇ ಮೂಗು, ಮೂಗಿನ ಮ್ಯಾಲೇ ಸಿಟ್ಟು."

ಹೀಗೆ ಸುಮಾರು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಆಕೆಯೇ ಫೋನ್ ಮಾಡಿದಳು. "ಬೀಗಿತ್ತಿ, ಆಕಾಶ ಮ್ಯಾಲಕ್ಕೆ ಹೋಗೈತೆ. ಗಂಟು ಕಟ್ರಿ." ನನ್ನ ಫೋನಿನಲ್ಲಿ ಆಗಲೂ ಹನಿಗಳಿದ್ದವು. ಜಗಳೂರಿನ ಅದೇ ಕಾರು ಕರೆಸಿಕೊಂಡು ನಾವು ಹೊರಟೆವು.

ಸೂಳೆಕೆರೆಯ ಏರಿಯ ಮೇಲೆ ಬರುವಾಗ ಮೋಡ ಹರಿದು ಬೆಳಕು ಬಿತ್ತು. ಗುಡ್ಡದಿಂದ ಗುಡ್ಡಕ್ಕೆ ನೀರೇ ನೀರು, ಅದರ ಮೇಲೆ ಬೆಳಕಿನ ಒಂದು ತೇಪೆ ಓಡಾಡುತ್ತಿತ್ತು. ನಾದಿನಿ ಕಿವಿ ತಲೆಗೆ ಮಫ್ಲರ್ ಸುತ್ತಿಕೊಂಡು, ಏರಿಸಿದ ಗಾಜಿನ ಹಿಂದಿನಿಂದಲೇ ನೋಡಿದಳು. ಹುಟ್ಟಿದ ಸೀಮೆಯ ಕೆರೆ ತುಂಬಿರುವುದನ್ನು ಅವಳು ಮದುವೆಯಾದ ಮೇಲೆ ನೋಡಿರಲಿಲ್ಲ. ಅವಳು ಬರುತ್ತಿದ್ದ ತಿಂಗಳುಗಳಲ್ಲಿ ಕೆರೆ ಅಂಚಿನಿಂದ ಹಿಂದೆ ಸರಿದಿರುತ್ತಿತ್ತು.

"ಅತ್ತಿಗೆ, ಅಪ್ಪ ನನ್ನ ಹೆಗಲ ಮ್ಯಾಲೆ ಕುಂದ್ರಿಸ್ಕೊಂಡು ಇದೇ ಏರಿ ಮ್ಯಾಲೆ ನಡೀತಿದ್ರು. ನಾ ಉಸಿರು ಎಳೆಯೋದು ಅಪ್ಪನ ಕಿವಿಗೇ ಕೇಳ್ತಿತ್ತು. ಅದಕ್ಕೇ ಒಣ ಊರಾಗೆ ಗಂಡು ಹುಡುಕಿದ್ರಂತೆ. ನಂಗೊಬ್ಬಳಿಗೇ ಹೇಳಿದ್ದು, ಬ್ಯಾರೆ ಯಾರಿಗೂ ಹೇಳಿರ್ಲಿಲ್ಲ. ಅವ್ವಂಗೂ."

ಇಷ್ಟು ವರ್ಷದಲ್ಲಿ ಅವಳು ನನಗೂ ಹೇಳಿರಲಿಲ್ಲ. ನಮ್ಮ ಮಾವನವರನ್ನು ಬೀದಿಯವರು ದುಡುಕಿನ ಮನುಷ್ಯ, ಹಿಂದೆ ಮುಂದೆ ನೋಡದೆ ಮಗಳನ್ನು ಕೊಟ್ಟರು ಎನ್ನುತ್ತಿದ್ದರು. ನಾನೂ ಹಾಗೇ ತಿಳಿದಿದ್ದೆ. ಬಸವಾಪಟ್ಟಣದಲ್ಲಿ ಟೀ ಕುಡಿಯಲು ಕಾರು ನಿಲ್ಲಿಸಿದೆವು.

ಹೊನ್ನಾಳಿಯಲ್ಲಿ ಹೊಳೆ ಕೆಂಪಗೆ, ಅಗಲವಾಗಿ, ಅವಸರವಿಲ್ಲದೆ ಹೋಗುತ್ತಿತ್ತು. ಸೇತುವೆಯ ಮೇಲೆ ಡ್ರೈವರ್ ಕಾರು ನಿಧಾನ ಮಾಡಿ ಕನ್ನಡಿಯಲ್ಲಿ ನಾದಿನಿಯನ್ನು ನೋಡಿದ. "ಅಮ್ಮಾರೇ, ಕ್ಯಾನಿನ ನೀರು ಒಂದು ಗುಟುಕು ಕೊಡ್ರಿ. ಬಾಯಾರೈತೆ." ಅವಳು ಗೆದ್ದವರ ಹಾಗೆ ನನ್ನ ಕಡೆ ತಿರುಗಿದಳು. ತುಂಬಿದ ತುಂಗಭದ್ರೆಯ ದಡದಲ್ಲಿ ಕಾರು ನಿಲ್ಲಿಸಿ ನಾವು ಮೂವರೂ ಜಗಳೂರಿನ ನೀರು ಕುಡಿದೆವು.

ನ್ಯಾಮತಿಯ ಮನೆ ಪೇಟೆಯ ಹಿಂದಿನ ಓಣಿಯಲ್ಲಿದೆ, ಮೇಲೆ ಆರ್‌ಸಿಸಿ, ಮುಂದೆ ಚಿಕ್ಕ ಸಿಟ್‌ಔಟು. ರಸ್ತೆ ಒದ್ದೆಯಿದ್ದರೂ ಮೇಲೆ ಮಳೆ ಇರಲಿಲ್ಲ. ನಮ್ಮ ಲೆಕ್ಕಾಚಾರ ತಪ್ಪಿರಲಿಲ್ಲ. ಬೀಗಿತ್ತಿಯದು ದಪ್ಪ ದೇಹ, ದೊಡ್ಡ ಕುಂಕುಮ. ಕಾಲು ತೊಳೆಯಲು ಬಿಸಿನೀರನ್ನೇ ತಂದಳು. ನಾದಿನಿ ಅವಸರದಲ್ಲಿ ಒಂದು ಕಾಲು ತೊಳೆದು ಇನ್ನೊಂದನ್ನು ಮರೆತು ಬಾಣಂತಿ ಕೋಣೆಯ ಬಾಗಿಲು ನೂಕಿದಳು.

ಹೊಗೆ.

ಕಿಟಕಿ ಬಾಗಿಲು ಮುಚ್ಚಿದ ಕೋಣೆ. ನೆಲದ ಮೇಲೆ ಕೆಂಡದ ಬಾಂಡಲಿ, ಅದರ ಮೇಲೆ ಬೋರಲು ಹಾಕಿದ ಬಿದಿರಿನ ಬುಟ್ಟಿ, ಬುಟ್ಟಿಯ ಮೈತುಂಬ ಕೂಸಿನ ಒದ್ದೆ ಬಟ್ಟೆ. ಕೆಂಡಕ್ಕೆ ಉದುರಿಸಿದ ಲೋಬಾನ. ಆ ನೀಲಿ ಹೊಗೆಯಾಚೆ ಮಂಚದ ಮೇಲೆ ಹುಡುಗಿ ಎದ್ದು ಕೂತು "ಅವ್ವಾ!" ಅಂದಳು. ನಾದಿನಿ ಒಂದು ಹೆಜ್ಜೆ ಒಳಗಿಟ್ಟಳು. ಎರಡನೆಯದಕ್ಕೆ ಎದೆ ಕಚ್ಚಿಕೊಂಡಿತು. ಬಾಗಿಲ ಚೌಕಟ್ಟು ಹಿಡಿದು ಕೆಮ್ಮುತ್ತ ಹಿಂದೆ ಬಂದವಳನ್ನು ನಾನು ಸಿಟ್‌ಔಟಿಗೆ ತಂದು ಕೂರಿಸಿ ಇನ್‌ಹೇಲರ್ ಬಾಯಿಗಿಟ್ಟೆ. ಹಳೆಯ ಸಿಳ್ಳೆ ಮತ್ತೆ ಕೇಳಿಸಿತು. ಒಳಗಿಂದ ಹುಡುಗಿ ಅಳುವುದು, ಅದನ್ನು ಕೇಳಿ ಕೂಸು ಅಳುವುದು.

ನಾವು ಮೋಡವನ್ನು ಲೆಕ್ಕ ಹಾಕಿದ್ದೆವು, ಬೆಂಕಿಯನ್ನು ಮರೆತಿದ್ದೆವು. ಡಾಕ್ಟರು ಹೊಗೆ ಅಂದಾಗ ನಾನು ಲಾರಿಯ ಹೊಗೆ ಅಂದುಕೊಂಡು ಕಾರಿನ ಗಾಜು ಏರಿಸಿಕೊಂಡು ಬಂದವಳು. ಜಗಳೂರಿನ ಬಾಣಂತಿಗೆ ಹೊಗೆಯ ಬುಟ್ಟಿ ಬೇಡ, ಹಗ್ಗದ ಮೇಲೆ ಹಾಕಿದ ಬಟ್ಟೆ ಕಾಫಿ ಕುಡಿಯುವುದರೊಳಗೆ ಒಣಗುತ್ತದೆ. ಹಾಗಾಗಿ ನಾದಿನಿಗೆ ಅದು ಹೊಳೆಯಲಿಲ್ಲ. ನಾನಾದರೋ ಎರಡು ಬಾಣಂತನ ಚನ್ನಗಿರಿಯ ಮಳೆಯಲ್ಲಿ ಇಂಥದೇ ಬುಟ್ಟಿಯ ಪಕ್ಕದಲ್ಲಿ ಮಲಗಿದವಳು. ಆ ಹೊಗೆಯ ವಾಸನೆಯೇ ನನಗೆ ನನ್ನ ಮಕ್ಕಳ ಶೈಶವ. ಬಹುಶಃ ಅಷ್ಟು ಇಷ್ಟದ ವಾಸನೆಯಾದ್ದರಿಂದಲೇ ಅದು ಯಾರಿಗಾದರೂ ತೊಂದರೆ ಕೊಟ್ಟೀತು ಎಂದು ತೋಚಲಿಲ್ಲ.

ಬೀಗಿತ್ತಿ ಬಾಗಿಲಿಗೆ ಅಡ್ಡ ನಿಂತಿದ್ದಳು. ಹೆದರಿದ್ದಳು. ಹೆದರಿಕೆ ಆಕೆಯ ಬಾಯಲ್ಲಿ ಜೋರಾಗಿ ಹೊರಬಂತು.

"ಕೂಸನ್ನ ಹೊರಗೆ ತಾ ಅಂತ ಕೇಳಬ್ಯಾಡ್ರಿ ಮತ್ತೆ. ಹಸಿ ಬಾಣಂತಿ, ಹಸಿ ಕೂಸು. ಈ ಶೀತಗಾಳಿಗೆ ನಾ ಬಿಡಾಕೆ ಆಗಲ್ಲ."

"ಆ ಬೆಂಕಿನಾದ್ರೂ ಹೊರಗಿಡಿ. ವೆಂಟಿಲೇಷನ್ ಅನ್ನೋದೇ ಇಲ್ಲ" ಅಂದೆ.

"ಇಟ್ಟು ಕೂಸಿಗೇನು ಉಡಿಸ್ಲಿ? ನಿಮ್ ಇಂಗ್ಲಿಷ್ ಪೇಪರ್ರಾ? ಆ ಡೈಪರ್ ಹಾಕಿ ಮೈಯೆಲ್ಲ ಕೆಂಪು ದದ್ದೆದ್ದಿದ್ವು. ಮಷಿನ್ ಹಿಂಡಿ ಕೊಡ್ತೈತೆ, ಒಣಗಿಸಿ ಕೊಡ್ತೈತಾ? ಕರೆಂಟು ಅತಿಥಿ ಬಂದಂಗೆ ಬಂದು ಹೋಗ್ತೈತೆ. ಹದಿನೈದು ದಿನ ಆತು, ನಾ ಆ ಬುಟ್ಟಿ ಮುಂದೆ ಕುಂತು ಕುಂತು ನನ್ ಕಣ್ಣೇ ಕೆಂಡ ಆಗ್ಯಾವೆ, ನೋಡ್ರಿಲ್ಲಿ."

ನಿಜ, ಆಕೆಯ ಕಣ್ಣು ಕೆಂಪಗೆ ಊದಿದ್ದವು. ನಾದಿನಿ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಬಂದ ದಾರಿಯಲ್ಲೇ ಕರೆದುಕೊಂಡು ಹೋಗುವುದೊಂದೇ ಉಳಿಯಿತು ಎಂದು ನಾನು ಎದ್ದೆ. ಅಷ್ಟರಲ್ಲಿ ಡ್ರೈವರ್ ಗಂಟನ್ನು ಹೊತ್ತು ಒಳಗೆ ಬಂದ. ದಾರಿಗೆ ಅಡ್ಡ ನಾವೆಲ್ಲ ನಿಂತಿದ್ದರಿಂದ ಅದನ್ನು ಬೀಗಿತ್ತಿಯ ಕಾಲ ಬಳಿಯೇ ಧೊಪ್ಪನೆ ಇಳಿಸಿದ. ಕೌದಿಯ ಒಂದು ಮೂಲೆ ಬಿಚ್ಚಿಕೊಂಡಿತು.

ಬೀಗಿತ್ತಿ ಬಗ್ಗಿ ಮೇಲಿನ ಬಟ್ಟೆಯನ್ನು ಎಳೆದಳು. ಬೆರಳ ನಡುವೆ ಉಜ್ಜಿ ನೋಡಿದಳು. ಕೆನ್ನೆಗೆ ಹಚ್ಚಿಕೊಂಡಳು. ಆಮೇಲೆ ಮುಖವನ್ನೇ ಅದರೊಳಗಿಟ್ಟು ಉದ್ದಕ್ಕೆ ಉಸಿರೆಳೆದಳು.

"ಬಿಸಿಲು ವಾಸ್ನೆ ಬರ್ತೈತೆ ಕಣ್ರೀ" ಅಂದಳು. ಆ ದೊಡ್ಡ ದನಿ ಎಲ್ಲಿ ಹೋಯಿತೋ. "ಇದೆಲ್ಲಾ ಬಟ್ಟೆನಾ?"

ನಾದಿನಿ ಕೂತಲ್ಲಿಂದ ತಲೆಯಾಡಿಸಿದಳು.

ಬೀಗಿತ್ತಿ ಸೆರಗು ಸಿಕ್ಕಿಸಿ ಒಳಗೆ ಹೋಗಿ, ಬುಟ್ಟಿ ಎತ್ತಿ, ಬಾಂಡಲಿಯನ್ನು ಮಸಿಬಟ್ಟೆಯಲ್ಲಿ ಹಿಡಿದು ಹಿತ್ತಿಲಿಗೆ ಒಯ್ದಳು. ಕೆಂಡದ ಮೇಲೆ ನೀರು ಸುರಿದ ಸದ್ದು ಕೇಳಿಸಿತು. ಬಾಣಂತಿಗೆ ಮೂರು ಸುತ್ತು ಹೊದಿಸಿ, ಗಾಳಿಯಿಲ್ಲದ ಕಡೆಯ ಕಿಟಕಿ ತೆರೆದಳು. ಹೊರಗೆ ಹೊಳವಿನ ಬಿಸಿಲು ಎದುರುಮನೆಯ ಗೋಡೆಯ ಮೇಲಿತ್ತು. ಹೊಗೆ ಹೋಗುವವರೆಗೆ, ನೆಲ ಒರೆಸುವವರೆಗೆ, ಸಂಜೆಯೇ ಆಯಿತು. ಅಷ್ಟು ಹೊತ್ತೂ ನಾದಿನಿ ಬಾಗಿಲ ಹೊರಗೆ, ಹುಡುಗಿ ಬಾಗಿಲ ಒಳಗೆ, ಒಬ್ಬರಿಗೊಬ್ಬರು ಕಾಣದಂತೆ ಕೂತು ಮಾತಾಡಿಕೊಂಡರು. ಊಟ ಮಾಡಿದ್ಯಾ, ನಿದ್ದೆ ಬರ್ತೈತಾ, ಸೊಂಟ ನೋವೈತಾ, ಇಂಥವೇ.

ಕೊನೆಗೆ ಅವಳು ಒಳಗೆ ಹೋದಳು. ಕೂಸನ್ನು ಮಡಿಲಲ್ಲಿಟ್ಟರು, ಪಂಚೆಯ ಚೌಕದಲ್ಲಿ ಸುತ್ತಿ. ನಾದಿನಿ ಅದರ ಮುಖ ನೋಡಲಿಲ್ಲ. ಮೊದಲು ತಲೆ ಬಗ್ಗಿಸಿ ಅದರ ಎದೆಗೆ ಕಿವಿ ಹಚ್ಚಿದಳು, ಅವಳ ಅವ್ವ ಅವಳಿಗೆ ಮಾಡಿದ ಹಾಗೆ. ಆಮೇಲೆ ನನ್ನನ್ನು ನೋಡಿ ನಕ್ಕಳು. "ಸ್ವಚ್ಛ ಐತೆ, ಅತ್ತಿಗೆ."

ಎರಡು ದಿನಕ್ಕೆಂದು ಹೋದವರು ಉಳಿದೆವು. ಡ್ರೈವರನ್ನು ಕಳಿಸಿಕೊಟ್ಟೆವು. ಒಣಬಟ್ಟೆ ಇರುವವರೆಗೆ ಬೆಂಕಿ ಬೇಡ, ಬೆಂಕಿ ಇಲ್ಲದಿರುವವರೆಗೆ ನಾದಿನಿ ಇರಬಹುದು. ಇದು ಯಾರೂ ಬಾಯಿಬಿಟ್ಟು ಹೇಳದ ಒಪ್ಪಂದ. ಬೆಳಿಗ್ಗೆ ಗ್ಯಾಸ್ ಗೀಸರಿನ ನೀರು ತುಂಬಿಸಿ, ಮಣೆಯ ಮೇಲೆ ಕಾಲು ಚಾಚಿ ಕೂತು, ಆ ಕಾಲುಗಳ ಮೇಲೆ ಕೂಸನ್ನು ಮಲಗಿಸಿ ನಾದಿನಿ ಎರೆಯುತ್ತಿದ್ದಳು. ಎಂದೋ ಮಗಳಿಗೆ, ಆಮೇಲೆ ಮೊಮ್ಮಗಳಿಗೆ ಎರೆದ ಕಾಲುಗಳು. ಕೂಸು ಚೀರಿದರೆ "ಅಳು ಅಳು, ಎದಿ ಅಗಲ ಆಗ್ಲಿ" ಅನ್ನುತ್ತಿದ್ದಳು. ಬೀಗಿತ್ತಿ ಟವೆಲ್ ಹಿಡಿದು ನಿಂತು, "ನೀರು ಹದಾ ಐತಾ ಜಗಳೂರಮ್ಮ? ಕ್ಯಾನಿನ ನೀರೇ ಬೇಕಾ?" ಎಂದು ಕೆಣಕುವಳು.

ಗಂಟು ಗೋಡೆಯ ಪಕ್ಕದಲ್ಲಿತ್ತು. ನಾದಿನಿ ದಿನಾ ಅದರತ್ತ ಕಣ್ಣು ಹಾಯಿಸುತ್ತಿದ್ದಳು. ನಾನೂ ನೋಡುತ್ತಿದ್ದೆ. ನನಗೆ ಸೋಜಿಗವಾದದ್ದೆಂದರೆ, ಗಂಟು ಕರಗಬೇಕಾದಷ್ಟು ಕರಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ನೀರು ಕುಡಿಯಲು ಎದ್ದೆ. ಅಡುಗೆಮನೆಯ ಆಚೆ ಬೀಗಿತ್ತಿ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತಿದ್ದಳು. ಕರೆಂಟು ಬಂದಿತ್ತು. ಒಗೆದ ಚೌಕಗಳನ್ನು ಒಂದೊಂದಾಗಿ, ಮೈಬೆವರುತ್ತ, ಇಸ್ತ್ರಿಯಲ್ಲೇ ಒಣಗಿಸಿ ಮಡಿಸುತ್ತಿದ್ದಳು. ನನ್ನನ್ನು ಕಂಡು ಬಾಯಿಯ ಮೇಲೆ ಬೆರಳಿಟ್ಟಳು.

"ಆಕೆಗೆ ಹೇಳಬ್ಯಾಡ್ರಿ. ಕೊನೇ ಬಟ್ಟೆ ಉಡಿಸಿದ ದಿನ ಹೊರಟೇ ಬಿಡ್ತಾಳೆ, ನಂಗೊತ್ತೈತೆ. ನಮ್ ಸೊಸೆ ಈ ವಾರ ಹೊತ್ತಿಗೆ ಎರಡು ರೊಟ್ಟಿ ತಿಂತೈತೆ ರೀ. ನಾ ಎಷ್ಟು ಗೋಗರೆದ್ರೂ ಅರ್ಧ ತಿಂತಿರ್ಲಿಲ್ಲ."

ನಾನು ಹೇಳಲಿಲ್ಲ. ಆದರೆ ಅದೇ ಸಂಜೆ ನಾದಿನಿಯೇ, ಗಂಟಿನಿಂದ ಒಂದು ಬಟ್ಟೆ ತೆಗೆಯುತ್ತ, ಅದರ ಚೂಪಾದ ಮಡಿಕೆಯ ಮೇಲೆ ಬೆರಳೋಡಿಸಿ ತೋರಿಸಿದಳು.

"ಕಲ್ಲು ಹೇರಿ ಒಣಗಿಸಿದ್ ಬಟ್ಟೆಗೆ ಇಂಥಾ ಮಡಿಕೆ ಬರ್ತೈತಾ ಅತ್ತಿಗೆ? ನಂಗೆ ಉಬ್ಬಸ ಐತೆ, ಕಣ್ಣು ಹೋಗಿಲ್ಲ."

"ಮತ್ತೆ ಸುಮ್ನಿದ್ದೀಯಲ್ಲ?"

"ಹೇಳಿದ್ರೆ ನಾಚ್ಕೊಂಡು ನಿಲ್ಲಿಸಿಬಿಡ್ತಾಳೆ. ನಂಗೂ ಇರಬೇಕು, ಆಕಿಗೂ ನಾ ಇರಬೇಕು. ಇಬ್ರೂ ಸುಮ್ನಿರೋದೇ ಚಲೋ."

ಪುಷ್ಯ ಮಳೆ ಒಂದು ಸಂಜೆ ಹಿಡಿಯಿತು. ಮೊದಲು ಮೆಲ್ಲಗೆ, ಆಮೇಲೆ ಬಿಡುವಿಲ್ಲದೆ. ಕರೆಂಟು ಹೋದದ್ದು ಹೋಗೇ ಹೋಯಿತು. ಇಸ್ತ್ರಿಪೆಟ್ಟಿಗೆ ತಣ್ಣಗೆ ಕೂತಿತು, ಗಂಟು ನಿಜವಾಗಿ ಕರಗಿತು. ನನ್ನ ನೆಬ್ಯುಲೈಸರ್ ಕೂಡ ಕರೆಂಟಿನದೇ. ಅದು ಪ್ಯಾಕ್ ಮಾಡುವಾಗ ನನ್ನ ಸೆನ್ಸಿಬಲ್ ತಲೆಗೆ ಹೊಳೆದಿರಲಿಲ್ಲ. ನಾದಿನಿಯ ಎದೆಯಲ್ಲಿ ಬಾಗಿಲು ಕಿರುಗುಟ್ಟಲು ಶುರುವಾಯಿತು. ಬೀಗಿತ್ತಿ ಸಪ್ಪಗೆ ಮುಖ ಮಾಡಿಕೊಂಡು ಓಡಾಡಿದಳೇ ಹೊರತು ಬಾಂಡಲಿಗೆ ಕೈ ಹಚ್ಚಲಿಲ್ಲ. ಕೂಸನ್ನು ತನ್ನ ಒಳ್ಳೆಯ ಸೀರೆಯಲ್ಲಿ ಸುತ್ತಿದಳು.

ಅದನ್ನು ನೋಡಿ ನಾದಿನಿಯೇ ಅಂದಳು, "ಸಾಕು ತಾಯಿ. ಬುಟ್ಟಿ ತಗೊಂಬಾ. ನಾಳೆ ಬೆಳಿಗ್ಗೆ ಕಾರು ಬರಾಕೆ ಹೇಳೀನಿ."

ಹೊರಡುವಾಗ ಕೂಸಿಗೆ ಎಚ್ಚರವಿತ್ತು. ನಾದಿನಿ ಬಾಗಿಲಲ್ಲಿ ನಿಂತು "ಬರ್ಲೇನೇ?" ಅಂದಾಗ ಅದು ದನಿ ಬಂದ ಕಡೆ ಕತ್ತು ತಿರುಗಿಸಿತು. ಅದಕ್ಕೆ ಇನ್ನೂ ಕಣ್ಣು ನಿಲ್ಲುತ್ತಿರಲಿಲ್ಲ, ಆದರೆ ಕತ್ತು ತಿರುಗಿದ್ದನ್ನು ನಾವು ಎಲ್ಲರೂ ನೋಡಿದೆವು. ಹುಡುಗಿ ಅಳಲಿಲ್ಲ. "ಅವ್ವ, ನಿನ್ ದನಿ ಗೊತ್ತಾಗೈತೆ ಅದಕ್ಕೆ" ಅಂದಳು.

ಡಿಕ್ಕಿಯಲ್ಲಿ ಬೀಗಿತ್ತಿ ಒಂದು ದೊಡ್ಡ ಪ್ಲಾಸ್ಟಿಕ್ ಚೀಲ ಇಡಿಸಿದಳು. ಒಗೆದು ಹಿಂಡಿದ ಒದ್ದೆ ಬಟ್ಟೆಗಳು, ಎಲ್ಲವೂ, ಮೇಲೆ ಮಡಿಸಿದ ಕೌದಿ.

"ಒಣಗಿಸಿ ಬಸ್ಸಿಗೆ ಹಾಕ್ರಿ. ಕಂಡಕ್ಟರಿಗೆ ಹೇಳಿದ್ರೆ ತಂದು ಕೊಡ್ತಾರೆ."

"ಬಸ್ಸಿಗೆ ಯಾಕೆ ಹಾಕ್ಲಿ?" ನಾದಿನಿ ಮಫ್ಲರಿನೊಳಗಿಂದ ಅಂದಳು. ಮಾತಿನ ನಡುವೆ ಉಸಿರಿಗೆ ನಿಲ್ಲಬೇಕಾಗುತ್ತಿತ್ತು. "ನಾನೇ ತರ್ತೀನಿ. ನೀನು ಆಕಾಶ ನೋಡ್ತಿರು."

ಈ ಸಲ ಬೇಸ್ ಕ್ಯಾಂಪ್ ಬೇಡವೆಂದು ಹೊನ್ನಾಳಿಯಿಂದ ದಾವಣಗೆರೆ ದಾರಿ ಹಿಡಿದೆವು. ಸೇತುವೆಯ ಮೇಲೆ ಮಳೆ ಕಣ್ಣು ಕಾಣದಂತೆ ಹೊಡೆಯುತ್ತಿತ್ತು. ದಾವಣಗೆರೆಯಲ್ಲಿ ತುಂತುರು. ಜಗಳೂರು ಹತ್ತಿರವಾದಂತೆ ರಸ್ತೆ ಒಣಗಿತು, ಬಿಳಿಚಿತು. ನಾದಿನಿ ಮಫ್ಲರ್ ಬಿಚ್ಚಿದಳು, ಆಮೇಲೆ ಸ್ವೆಟರ್, ಆಮೇಲೆ ಕಾರಿನ ಗಾಜು ಇಳಿಸಿದಳು. ನಾನು ಕಿವಿಗೊಟ್ಟು ಕೂತಿದ್ದೆ. ಸಿಳ್ಳೆ ಒಂದೇ ಸಲ ನಿಲ್ಲಲಿಲ್ಲ, ಆದರೆ ಊರು ಬರುವ ಹೊತ್ತಿಗೆ ಗಾಳಿಯ ಸದ್ದಿನಲ್ಲಿ ಅದನ್ನು ಹುಡುಕಬೇಕಾಗುತ್ತಿತ್ತು.

ಮನೆಗೆ ಬಂದವಳು ನೀರೂ ಕುಡಿಯದೆ ಚೀಲ ಹಿಡಿದು ಮೆಟ್ಟಿಲ ಕಡೆ ಹೊರಟಳು. ನಾನು ಚೀಲದ ಒಂದು ಕಿವಿ ಹಿಡಿದೆ, ಅವಳು ಒಂದು. ಟೆರೇಸಿನ ಮೇಲೆ ಇಬ್ಬರೂ ಒದ್ದೆ ಚೌಕಗಳನ್ನು ಕೊಡವಿ ಹರಡಿದೆವು, ಗಾಳಿಗೆ ಹಾರದಂತೆ ಕಲ್ಲಿಟ್ಟೆವು. ಪಂಚೆಯ ಅಂಚು ಕೆಲವಕ್ಕೆ, ಸೀರೆಯ ಹೂ ಕೆಲವಕ್ಕೆ. ನನ್ನ ಮೊಣಕಾಲು ನೋಯುತ್ತಿತ್ತು. ಮೇಲಿನ ಮೋಡಗಳು ಎಂದಿನಂತೆ ನಿಲ್ಲದೆ ಹೋಗುತ್ತಿದ್ದವು.

ಮೊದಲು ಹಾಸಿದ ಬಟ್ಟೆ ಕೊನೆಯದನ್ನು ಹಾಸುವುದರೊಳಗೆ ಒಣಗಿತ್ತು. ನಾದಿನಿ ಅದನ್ನೆತ್ತಿ ಮಡಿಸಿ ಪಕ್ಕಕ್ಕಿಟ್ಟು, ಅಲ್ಲೇ ಗೋಡೆಯ ನೆರಳಿಗೆ ಕೂತಳು.

"ಅತ್ತಿಗೆ, ನಿನ್ ಫೋನು ತೆಗಿ. ನ್ಯಾಮತಿಗೆ ಮುಂದಿನ ಹೊಳವು ಯಾವಾಗ ಅಂತೈತೆ?"

ತೆಗೆದು ನೋಡಿದೆ. ಮೋಡ, ಕೆಳಗೆ ಹನಿಗಳು, ವಾರಪೂರ್ತಿ.

"ಸದ್ಯಕ್ಕಿಲ್ಲ" ಅಂದೆ.

"ಅದಕ್ಕೇನು ಗೊತ್ತೈತೆ" ಎಂದು, ಕೌದಿಯನ್ನು ಎಳೆದು ನೆಲಕ್ಕೆ ಹಾಸಿ, ಅದರ ನಡುವೆ ಆ ಮೊದಲನೆಯ ಬಟ್ಟೆಯನ್ನು ಇಟ್ಟಳು.